ಮುಚ್ಚಿಹಾಕುವ ಕಲೆ

ಕೌಬಾಯ್ ಒಬ್ಬ ಕುದುರೆ ಮೇಲೆ ಬರುತ್ತಿದ್ದರೆ ನಿಮಗೆ ಏನೇನು ಕಾಣುತ್ತದೆ? ಟೋಪಿ, ಬೂಟು, ಹೂಬಳ್ಳಿ ಕೆತ್ತಿದ ಚರ್ಮದ ಜೀನು, ಮೀಸೆ ಇದ್ದರೆ ಮೀಸೆ. ಆ ಜೀನಿನ ಹೊಟ್ಟೆಯೊಳಗೆ ಒಂದು ಮರದ ಚೌಕಟ್ಟು ಇದೆ, ಅದಕ್ಕೆ ‘ಟ್ರೀ’ ಅನ್ನುತ್ತಾರೆ, ಅದನ್ನು ಮಾಡುವುದನ್ನೇ ಕಸುಬಾಗಿ ಇಟ್ಟುಕೊಂಡವರಿದ್ದಾರೆ ಅನ್ನುವುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಮರದ ಮೇಲೆ ಹಸಿ ತೊಗಲು, ತೊಗಲಿನ ಮೇಲೆ ಹದ ಮಾಡಿದ ಚರ್ಮ, ಚರ್ಮದ ಮೇಲೆ ಸವಾರ. ಇಷ್ಟೆಲ್ಲದರ ಅಡಿಯಲ್ಲಿ ಟ್ರೀ ಮಾಡಿದವನ ಕೈಕೆಲಸ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಇದನ್ನು ಕೇಳಿದ ಕೂಡಲೇ ನನಗೆ ಖಾತ್ರಿಯಾಯಿತು: ಭಗವಂತ ಈ ಕಸುಬನ್ನು ಸೃಷ್ಟಿಸಿದ್ದೇ ನನಗೋಸ್ಕರ.

ಯಾಕೆಂದರೆ ನನ್ನ ಕೈಕೆಲಸ ಮುಚ್ಚಿದಷ್ಟೂ ಚೆನ್ನ. ನಮ್ಮ ಮನೆಯ ಹಾಲಿನಲ್ಲಿ ಅಷ್ಟೊಂದು ದೇವರ ಪಟಗಳಿರುವುದನ್ನು ನೋಡಿ ಬಂದವರು ನಮ್ಮ ಭಕ್ತಿಗೆ ಕೈಮುಗಿಯುತ್ತಾರೆ. ಒಂದೊಂದು ಪಟದ ಹಿಂದೆಯೂ ನಾನು ಮೊಳೆ ಹೊಡೆಯಲು ಹೋಗಿ ಕೊರೆದ ಒಂದೊಂದು ತೂತು ಇದೆ. ವೆಂಕಟರಮಣನ ಪಟ ಮಿಕ್ಕವಕ್ಕಿಂತ ಬಹಳ ದೊಡ್ಡದು; ಕಾರಣ ನೀವೇ ಊಹಿಸಿಕೊಳ್ಳಿ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಪಟ ಇದ್ದೇ ಇರುತ್ತದೆ, ನಾಚಿಕೆಪಟ್ಟುಕೊಳ್ಳಬೇಡಿ.

ನಾನಿರುವುದು ಅಮೆರಿಕದ ಐಡಹೊ ರಾಜ್ಯದ ಬಾಯ್ಸಿಯಲ್ಲಿ. ಹೊಟ್ಟೆಪಾಡು ಕಂಪ್ಯೂಟರಿನದು. ಆದರೆ ಊರು ದಾಟಿ ಸ್ವಲ್ಪ ದೂರ ಹೋದರೆ ಸಾಕು, ಅತ್ತ ಆರೆಗಾನ್, ಇತ್ತ ನೆವಾಡ, ಎಲ್ಲಿ ನೋಡಿದರೂ ದನ, ಕುದುರೆ, ಬೇಲಿ. ಅಲ್ಲೊಬ್ಬ ಹಿರಿಯರು ಟ್ರೀ ಮಾಡುತ್ತಾರೆ. ಅವರ ಹೆಸರು ಬೇಡ, ಮೇಷ್ಟ್ರು ಅನ್ನೋಣ. ನನಗೆ ಕಲಿಸಿದವರು ಅಂತ ಅಚ್ಚಾದರೆ ಅವರ ವ್ಯಾಪಾರಕ್ಕೆ ಪೆಟ್ಟು. ಆಫೀಸಿನ ಗೆಳತಿಯೊಬ್ಬಳು ತನ್ನ ಕುದುರೆ ಬಿಸ್ಕಿಟ್‌ಗೆ ಹೊಸ ಜೀನು ಮಾಡಿಸಬೇಕು ಅಂದಾಗ ನಾನು, ಯಾರೂ ಕೇಳದೆ, ಕುರ್ಚಿಯಿಂದ ಎದ್ದುನಿಂತು, ‘ಅದರ ಟ್ರೀ ನಾನು ಮಾಡಿಕೊಡ್ತೀನಿ’ ಎಂದುಬಿಟ್ಟೆ. ಮೀಟಿಂಗಿನಲ್ಲಿ ಎದ್ದುನಿಂತು ಮಾತಾಡುವ ಚಟ ಯಾರಿಗೂ ಒಳ್ಳೆಯದು ಮಾಡಿಲ್ಲ.

ಮೇಷ್ಟ್ರು ಚರ್ಮ ಹೊದಿಸದ ಟ್ರೀ ಒಂದನ್ನು ಮೇಜಿನ ಮೇಲಿಟ್ಟು ಪಾಠ ಶುರುಮಾಡಿದರು. ಬೆನ್ನುಮೂಳೆಯ ಎಡಕ್ಕೊಂದು ಬಲಕ್ಕೊಂದು ಉದ್ದಕ್ಕೆ ಮಲಗುವುವು ಬಾರ್‌ಗಳು. ಮುಂದುಗಡೆ ಅವೆರಡನ್ನೂ ಹಿಡಿದುಕೊಂಡಿರುವ ಕಮಾನು ಫೋರ್ಕ್. ಹಿಂದುಗಡೆ ಸವಾರನ ಸೊಂಟಕ್ಕೆ ಆತುಕೊಳ್ಳುವುದು ಕ್ಯಾಂಟಲ್. ಫೋರ್ಕಿನ ನೆತ್ತಿಯಲ್ಲಿ ಎದ್ದುನಿಂತಿರುವ ಗೂಟ ಹಾರ್ನ್. ಎಣಿಸಿ ನೋಡಿದೆ, ಒಂದು ಕೈಬೆರಳಲ್ಲೇ ಮುಗಿಯಿತು. ಅಂಗಡಿಯಿಂದ ತಂದು ನಾವೇ ಜೋಡಿಸುವ ಕಪಾಟಿನಲ್ಲಿ ಕೂಡ, ನಾನು ಜೋಡಿಸಿದ ಮೇಲೆ, ಇದಕ್ಕಿಂತ ಹೆಚ್ಚು ತುಂಡುಗಳು ಮಿಕ್ಕಿರುತ್ತವೆ.

‘ಹಾರ್ನ್ ಯಾತಕ್ಕಿರೋದು ಗೊತ್ತಾ?’ ಎಂದು ಮೇಷ್ಟ್ರು ಕೇಳಿದರು. ‘ಬೀಳದ ಹಾಗೆ ತಬ್ಬಿಕೊಳ್ಳೋದಕ್ಕೆ’ ಎಂದೆ. ಸ್ವಾನುಭವದ ಮಾತು, ಯಾವುದೋ ರ‍್ಯಾಂಚಿನಲ್ಲಿ ನಾನು ಕುದುರೆ ಹತ್ತಿದ ಫೋಟೊದಲ್ಲಿ ನನ್ನ ಮುಖವೇ ಇಲ್ಲ, ಹಾರ್ನಿನ ಹಿಂದೆ ಅಡಗಿಕೊಂಡಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. ಹಾರ್ನ್ ಇರುವುದು ಹಗ್ಗ ಸುತ್ತುವುದಕ್ಕೆ. ದನದ ಕೊರಳಿಗೆ ಕುಣಿಕೆ ಬೀಸಿ ಈಚೆಯ ತುದಿಯನ್ನು ಹಾರ್ನಿಗೆ ಸುತ್ತಿದರೆ, ಆ ದನ ಎಳೆಯುವ ಭಾರವೆಲ್ಲ ಹಾರ್ನಿನಿಂದ ಫೋರ್ಕಿಗೆ, ಫೋರ್ಕಿನಿಂದ ಬಾರ್‌ಗಳಿಗೆ, ಬಾರ್‌ಗಳಿಂದ ಕುದುರೆಯ ಬೆನ್ನಗಲಕ್ಕೂ ಹಂಚಿಹೋಗಬೇಕು. ಮೆಕ್ಸಿಕೊದ ದನಗಾಹಿಗಳಿಂದ ಬಂದ ಈ ವಿದ್ಯೆಯಲ್ಲಿ ಹಗ್ಗಕ್ಕೂ ಹಾರ್ನಿಗೂ ನಡುವೆ ಹೆಬ್ಬೆರಳು ಸಿಕ್ಕಿಕೊಂಡರೆ ಆ ಹೆಬ್ಬೆರಳಿನ ಆಸೆ ಬಿಡಬೇಕಾದೀತು. ಏಕಲವ್ಯನಿಗಾದರೂ ಗುರು ಬಾಯಿಬಿಟ್ಟು ಕೇಳಿದ್ದ. ನನ್ನದು ಕೇಳದೆಯೇ ಹೋಗುವ ಲಕ್ಷಣವಿತ್ತು. ಹಾಗಾಗಿ ಎರಡೂ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡು ಕೂತೆ. ಗರಗಸ ಹಿಡಿಯುವುದಕ್ಕೆ ಅವು ಬೇಕು ಅಂತ ಮೇಷ್ಟ್ರೇ ನೆನಪಿಸಬೇಕಾಯಿತು.

ಮುಂದಿನ ಪ್ರಶ್ನೆ, ಯಾವ ಮಾದರಿ? ಫೋರ್ಕಿನ ಎರಡು ಪಕ್ಕದಲ್ಲೂ ಭುಜ ಉಬ್ಬಿಕೊಂಡಿರುವ ಮಾದರಿಗಳಿವೆ, ಭುಜವೇ ಇಲ್ಲದವೂ ಇವೆ. ನಾನು ಭುಜವಿಲ್ಲದ ‘ವೇಡ್’ ಆರಿಸಿಕೊಂಡೆ. ಮರ ಕಡಿಮೆಯಾದರೆ ತಪ್ಪೂ ಕಡಿಮೆ ಅನ್ನುವುದು ನನ್ನ ಗಣಿತ. ಇದು ಈ ಸೀಮೆಯದೇ ಮಾದರಿ. ಆರೆಗಾನಿನ ಕ್ಲಿಫರ್ಡ್ ವೇಡ್ ಎಂಬಾತನ ಬಳಿ ಅಪ್ಪನ ಕಾಲದ ಹಳೆಯ ಜೀನು ಇತ್ತಂತೆ. ಕುದುರೆಗಳ ಮನಸ್ಸು ಬಲ್ಲವನೆಂದು ಮುಂದೆ ಹೆಸರಾದ ಟಾಮ್ ಡಾರೆನ್ಸ್ ಅದನ್ನು ಮೆಚ್ಚಿ, 1905ರಿಂದ ಪೆಂಡಲ್‌ಟನ್ ಊರಿನಲ್ಲಿದ್ದ ಹ್ಯಾಮ್ಲಿ ಅಂಗಡಿಯಲ್ಲಿ ಅದೇ ಥರದ್ದು ಮಾಡಿಸಿದ. ವೇಡ್ ಫೋರ್ಕ್ ತಗ್ಗಾಗಿ, ಕುದುರೆಯ ಮೈಗೆ ಹತ್ತಿರವಾಗಿ ಕೂರುತ್ತದೆ. ಇಷ್ಟನ್ನು ಕೇಳಿ ತಲೆ ಅಲ್ಲಾಡಿಸಿದೆನೇ ಹೊರತು, ಹತ್ತಿರ ಕೂರುವ ವಸ್ತುವಿನಲ್ಲಿ ತಪ್ಪಿಗಿರುವ ಜಾಗವೂ ಅಷ್ಟೇ ಇಕ್ಕಟ್ಟು ಎಂದು ತಲೆಯೊಳಗೆ ಇಳಿಯಲಿಲ್ಲ.

ಆಮೇಲೆ ಕುದುರೆಯ ಅಳತೆ. ನಾನು ಮನೆಯಲ್ಲೇ ಎಕ್ಸೆಲ್ ಹಾಳೆ ತಯಾರಿಸಿ ತಂದಿದ್ದೆ. ಅಂಗಡಿಯ ಜೀನುಗಳಿಗೆ ‘ಫುಲ್ ಕ್ವಾರ್ಟರ್ ಹಾರ್ಸ್ ಬಾರ್’, ‘ಸೆಮಿ ಕ್ವಾರ್ಟರ್ ಹಾರ್ಸ್ ಬಾರ್’ ಅಂತ ಚೀಟಿ ಇರುತ್ತದೆ; ಬಾರ್‌ಗಳ ಕೋನ 90 ಡಿಗ್ರಿ, ಮುಂದಿನ ಕಂಡಿಯ ಅಗಲ 6¾ ಇಂಚು ಅಂತ ಅಂಕಿಗಳೂ ಇರುತ್ತವೆ. ಅವನ್ನೆಲ್ಲ ಕಂಬಸಾಲಿನಲ್ಲಿ ಜೋಡಿಸಿ, ಹಸಿರು ಹಳದಿ ಬಣ್ಣ ಹಚ್ಚಿದ್ದೆ. ಮೇಷ್ಟ್ರು ಅದನ್ನು ಮರ್ಯಾದೆಯಿಂದ ಓದಿದರು. ಒಬ್ಬ ಕಸುಬುದಾರನ ‘ಫುಲ್’ ಇನ್ನೊಬ್ಬನ ‘ಸೆಮಿ’ ಆಗಿರಬಹುದು, ಕಂಡಿಯ ಅಗಲವನ್ನು ಎಲ್ಲರೂ ಒಂದೇ ಜಾಗದಲ್ಲಿ ಅಳೆಯುವುದಿಲ್ಲ, ಎಲ್ಲರೂ ಒಪ್ಪಿದ ಅಳತೆ ಅಂತಲೇ ಇಲ್ಲ ಎಂದು ಸಮಾಧಾನವಾಗಿ ವಿವರಿಸಿದರು. ನಂತರ ಹಾಳೆಯ ಹಿಂಬದಿಯಲ್ಲಿ ದಿನಸಿ ಪಟ್ಟಿ ಬರೆದುಕೊಂಡರು.

ಬೆನ್ನಿನ ಆಕಾರ ಹಿಡಿಯಲು ಆಸ್ಟ್ರೇಲಿಯಾದ ಡೆನಿಸ್ ಲೇನ್ ರೂಪಿಸಿದ ಕಾರ್ಡುಗಳಿವೆ. ಒಂದೊಂದು ಕಾರ್ಡಿಗೂ ಒಂದೊಂದು ಬಾಗು. ಬೆನ್ನಿನ ಬೇರೆ ಬೇರೆ ಜಾಗದಲ್ಲಿಟ್ಟು ಯಾವುದು ಹೊಂದುತ್ತದೆ ಎಂದು ನೋಡಬೇಕು. ದುಡ್ಡು ಯಾಕೆ ಕೊಡಬೇಕು ಅಂತ ನಾನು ಕೊರಿಯರ್ ಡಬ್ಬದ ರಟ್ಟಿನಲ್ಲಿ ನನ್ನದೇ ಕಾರ್ಡುಗಳನ್ನು ಕತ್ತರಿಸಿಕೊಂಡು ಬಿಸ್ಕಿಟ್ ಮುಂದೆ ಹೋಗಿ ನಿಂತೆ. ಕುದುರೆ ಸಮ ನೆಲದ ಮೇಲೆ ನಾಲ್ಕೂ ಕಾಲು ಊರಿ ನಿಂತಿರಬೇಕು. ಬಿಸ್ಕಿಟ್ ಒಂದು ಹಿಂಗಾಲು ಸಡಿಲಬಿಟ್ಟು ಒರಗಿ ನಿಂತಿದ್ದಳು. ಬೆನ್ನು ಒಂದು ಕಡೆ ಇಳಿದಿತ್ತು. ‘ಪಾಪ, ಇದರ ಬೆನ್ನೇ ಸೊಟ್ಟ’ ಅಂತ ನಾನು ಕನಿಕರದಿಂದ ಆ ಸೊಟ್ಟವನ್ನೇ ಬರೆದುಕೊಂಡೆ. ಭುಜದ ಮೂಳೆ ಎಲ್ಲಿ ಮುಗಿಯುತ್ತದೆ, ಕೊನೆಯ ಪಕ್ಕೆಲುಬು ಎಲ್ಲಿದೆ ಎಂದು ಮುಟ್ಟಿ ಗುರುತು ಹಾಕಬೇಕು. ಕುದುರೆಗೆ ಸಾಮಾನ್ಯವಾಗಿ 18 ಜೊತೆ ಪಕ್ಕೆಲುಬು. ಭಾರವೆಲ್ಲ ಅವುಗಳ ಆಸರೆ ಇರುವಲ್ಲೇ ಬೀಳಬೇಕು, ಆಚೆ ದಾಟಬಾರದು. ನಾನು ಒತ್ತಿ ಒತ್ತಿ ಎಣಿಸುತ್ತ ಹಿಂದಕ್ಕೆ ಹೋದೆ. ಬಿಸ್ಕಿಟ್‌ಗೆ ಕಚಗುಳಿಯಾಯಿತೋ ಅವಮಾನವಾಯಿತೋ, ಬಾಲ ಬೀಸಿ ನನ್ನ ಕನ್ನಡಕವನ್ನು ಹುಲ್ಲಿನ ಬಣವೆಗೆ ಕಳಿಸಿದಳು. ಅದನ್ನು ಹುಡುಕಿ ಬರುವಷ್ಟರಲ್ಲಿ ಭುಜದ ಕಾರ್ಡು ಅವಳ ಬಾಯಲ್ಲಿತ್ತು. ಸೊಂಟದ ಕಾರ್ಡು ಅದಾಗಲೇ ಹೊಟ್ಟೆಯಲ್ಲಿತ್ತು. ಆ ಎರಡು ಅಳತೆಗಳನ್ನು ನಾನು ನೆನಪಿನಿಂದ ಬರೆದೆ. ನನ್ನ ನೆನಪಿನ ಶಕ್ತಿ ಎಂಥದ್ದು ಅಂತ ನಮ್ಮ ಮದುವೆಯ ವಾರ್ಷಿಕೋತ್ಸವದ ದಿನ ಬಂದು ನನ್ನ ಹೆಂಡತಿಯನ್ನು ಕೇಳಿ.

ಮರ ಡಗ್ಲಸ್ ಫರ್. ಹಗುರ, ಗಟ್ಟಿ, ಮೊಳೆ ಬಿಗಿಯಾಗಿ ಹಿಡಿಯುತ್ತದೆ. ಎರಡು ಕೈಗೂ ಹಿಡಿ ಇರುವ, ನಮ್ಮ ಕಡೆಗೇ ಎಳೆದುಕೊಂಡು ಕೆತ್ತುವ ಕತ್ತಿಯೊಂದಿದೆ. ಹರಿತವಾದ ಕತ್ತಿಯನ್ನು ಸ್ವಂತ ಹೊಟ್ಟೆಯ ಕಡೆಗೆ ಬಲವಾಗಿ ಎಳೆದುಕೊಳ್ಳುವುದು ಯಾವ ಧರ್ಮ ಅಂತ ನಾನು ಹಿಂಜರಿದೆ. ಮೇಷ್ಟ್ರ ಶೆಡ್ಡಿನಲ್ಲಿದ್ದ ಹಳೆಯ ಹಾಸಿಗೆಯನ್ನು ಹೊಟ್ಟೆಗೆ ಕಟ್ಟಿಕೊಂಡ ಮೇಲೆಯೇ ಕೆಲಸ ಸಾಗಿದ್ದು. ಬಾರ್ ಅಂದರೆ ಬರಿಯ ಹಲಗೆಯಲ್ಲ. ಕುದುರೆಯ ಬೆನ್ನು ಮುಂದೆ ಕಡಿದಾಗಿ ಇಳಿಯುತ್ತದೆ, ಹಿಂದೆ ಅಗಲವಾಗಿ ಚಪ್ಪಟೆಯಾಗುತ್ತದೆ. ಬಾರಿನ ಅಡಿಭಾಗವೂ ಅದಕ್ಕೆ ತಕ್ಕಂತೆ ಮುಂದಿನಿಂದ ಹಿಂದಕ್ಕೆ ತಿರುಚಿಕೊಂಡು ಹೋಗಬೇಕು. ಉಳಿ, ಅರ, ಕತ್ತಿ ಎಲ್ಲ ಬಳಸಿ ಬೆವರು ಸುರಿಸಿ ಒಂದು ಬಾರ್ ಕೆತ್ತಿದೆ. ಮೇಷ್ಟ್ರು ಅದರ ಮೇಲೆ ಕೈಯಾಡಿಸಿ, ‘ಪರವಾಗಿಲ್ಲ’ ಅಂದರು. ಆ ಒಂದು ಮಾತಿನ ಹುಮ್ಮಸ್ಸಿನಲ್ಲಿ ಎರಡನೆಯದನ್ನು ಮೊದಲನೆಯದರ ಪಡಿಯಚ್ಚಾಗಿ ಕೆತ್ತಿದೆ. ಒಂದು ನೂಲಿನ ವ್ಯತ್ಯಾಸವಿಲ್ಲ, ಅಂಥ ಪಡಿಯಚ್ಚು. ಪಕ್ಕಪಕ್ಕ ಇಟ್ಟು ನೋಡಿದಾಗ ನನ್ನ ಬಳಿ ಎರಡು ಬಲಬದಿಯ ಬಾರ್‌ಗಳಿದ್ದವು. ಎಡಬದಿಯಲ್ಲಿ ಬೆನ್ನೇ ಇಲ್ಲದ ಕುದುರೆ ಎಲ್ಲಾದರೂ ಸಿಕ್ಕಿದರೆ ದಯವಿಟ್ಟು ತಿಳಿಸಿ.

ಎಡದ್ದನ್ನು ಹೊಸದಾಗಿ ಕೆತ್ತಿದೆ. ಆಗ ಇನ್ನೊಂದು ಕಾಟ ಶುರುವಾಯಿತು. ಎರಡೂ ಬಾರ್‌ಗಳು ಮೇಜಿನ ಮೇಲೆ ಅಲುಗಾಡುತ್ತಿದ್ದವು. ಮುಂದಿನ ತುದಿ ಒತ್ತಿದರೆ ಹಿಂದಿನದು ಏಳುತ್ತದೆ, ಹಿಂದಿನದು ಒತ್ತಿದರೆ ಮುಂದಿನದು. ಕುಂಟುವ ಮೇಜಿನ ಕಾಲಡಿ ಕಾಗದ ಮಡಚಿಟ್ಟು ಬೆಳೆದ ಜೀವ ನನ್ನದು, ಸಹಿಸುವುದು ಹೇಗೆ? ಮೇಷ್ಟ್ರು ಊಟಕ್ಕೆ ಹೋಗಿದ್ದಾಗ ಅರ ಹಿಡಿದು, ಅಡಿಭಾಗವನ್ನು ಉಜ್ಜಿ ಉಜ್ಜಿ, ಬಾರ್ ಮೇಜಿನ ಮೇಲೆ ಅಲ್ಲಾಡದೆ ಕೂರುವವರೆಗೂ ಬಿಡಲಿಲ್ಲ. ಹೆಮ್ಮೆಯಿಂದ ತೋರಿಸಿದೆ. ಮೇಷ್ಟ್ರು ಬಾಯಲ್ಲಿದ್ದ ತುತ್ತನ್ನು ನುಂಗುವುದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡರು. ಆ ಬಾಗು ಬೇಕೆಂದೇ ಇಟ್ಟದ್ದು. ಕುದುರೆಯ ಬೆನ್ನು ನಡುವೆ ತಗ್ಗು. ಬಾರ್ ಅಲ್ಲಿಗೆ ಬಾಗಿ ತುಂಬಬೇಕು. ಚಪ್ಪಟೆ ಮಾಡಿದರೆ ಮುಂದೊಂದು ಹಿಂದೊಂದು ಕಡೆ ಮಾತ್ರ ಒತ್ತಿ, ನಡುವೆ ಸೇತುವೆ ಕಟ್ಟಿಕೊಂಡು ಕುದುರೆಯ ಬೆನ್ನು ಹುಣ್ಣಾಗುತ್ತದೆ. ‘ಈ ಟ್ರೀ ಒಳ್ಳೆಯದೇ, ಮೇಜಿನ ಮೇಲೆ ಸವಾರಿ ಮಾಡೋರಿಗೆ’ ಎಂದರು ಮೇಷ್ಟ್ರು. ಬಾಗನ್ನು ಉಳಿಸಲು ಇನ್ನಷ್ಟು ಕೆತ್ತಿದೆ. ಬಾರ್‌ಗಳು ತೆಳ್ಳಗಾಗುತ್ತ ಬಂದವು, ನನ್ನ ಸುತ್ತ ಹೊಟ್ಟು ಮೊಣಕಾಲಿನವರೆಗೆ ಬಂತು.

ಜೋಡಿಸುವ ದಿನ ಅಂಟು, ಸ್ಕ್ರೂ ಎಲ್ಲ ಸಿದ್ಧವಾಯಿತು. ಫೋರ್ಕ್ ಬಾರ್‌ಗಳ ಮೇಲೆ ಸಂದಿಲ್ಲದೆ ಕೂರಬೇಕು. ನನ್ನ ಕೆಲಸದಲ್ಲಿ ಸಂದಿತ್ತು. ಸಂದಿಗೆ ಅಂಟು ಸುರಿದೆ. ಅಂಟು ಮುಗಿದಾಗ ಹೊಟ್ಟು ಬೆರೆಸಿ ಸುರಿದೆ. ಎಲ್ಲಕ್ಕಿಂತ ಉದ್ದನೆಯ ಸ್ಕ್ರೂ ಆರಿಸಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ತಿರುಗಿಸಿದೆ. ಅಂಟು ಒಣಗಿದ ಮೇಲೆ ಟ್ರೀಯನ್ನು ಎರಡು ಕೈಯಲ್ಲಿ ಎತ್ತಿಹಿಡಿದು ಫೋಟೊ ತೆಗೆಸಿಕೊಳ್ಳೋಣ ಅಂತ ಎಳೆದರೆ, ಮೇಜೂ ಬಂತು. ಫೋರ್ಕ್, ಬಾರ್ ಎರಡನ್ನೂ ದಾಟಿ ಸ್ಕ್ರೂ ಮೇಜಿನೊಳಗೆ ಗಟ್ಟಿಯಾಗಿ ನೆಲೆಸಿತ್ತು. ನನ್ನ ಅಂಗಿಯ ತೋಳು ಕೂಡ ಫೋರ್ಕಿಗೆ ಅಂಟಿಕೊಂಡಿತ್ತು. ಮೇಷ್ಟ್ರು ಗರಗಸ ತರುವವರೆಗೆ ನಾನು, ಟ್ರೀ, ಮೇಜು ಮೂವರೂ ಒಂದೇ ಕುಟುಂಬವಾಗಿ ನಿಂತಿದ್ದೆವು.

ಆದರೂ ನಾನು ಎದೆಗುಂದಲಿಲ್ಲ. ಯಾಕೆ ಹೇಳಿ? ತೊಗಲು ಹೊದಿಸುವುದು ಇನ್ನೂ ಬಾಕಿಯಿತ್ತು. ತೊಗಲಿನಡಿ ಎಲ್ಲ ಮುಚ್ಚಿಹೋಗುತ್ತದೆ ಎಂಬ ಆಸೆಯೇ ನನ್ನನ್ನು ಅಲ್ಲಿಯವರೆಗೆ ತಂದದ್ದು. ಹದ ಮಾಡದ, ರೋಮ ತೆಗೆದ ದಪ್ಪ ಗೂಳಿ ತೊಗಲನ್ನು ನೀರಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಟ್ರೀಗೆ ಹೊದಿಸಿ, ತೊಗಲಿನದೇ ದಾರದಲ್ಲಿ ಹೊಲಿಯಬೇಕು. ಒಣಗುತ್ತ ಅದು ಕುಗ್ಗಿ, ಅಷ್ಟೂ ತುಂಡುಗಳನ್ನು ಬಿಗಿದು ಒಂದೇ ಮೈ ಮಾಡುತ್ತದೆ. ಟ್ರೀಗೆ ಅಸಲು ಬಲ ಬರುವುದು ಅಲ್ಲಿಂದಲೇ. ನೆನೆಹಾಕುವುದನ್ನು ಮನೆಯಲ್ಲೇ ಮಾಡುತ್ತೇನೆ ಅಂತ ತೊಗಲನ್ನು ಕಾರಿನಲ್ಲಿ ಹಾಕಿಕೊಂಡು ಬಂದು, ಅತಿಥಿಗಳ ಬಚ್ಚಲಿನ ತೊಟ್ಟಿಯಲ್ಲಿ ನೀರು ಬಿಟ್ಟು, ಪರದೆ ಎಳೆದು, ಮರೆತುಬಿಟ್ಟೆ.

ಮರುದಿನ ಗಣೇಶನ ಹಬ್ಬ. ಊರಿನ ಕನ್ನಡದವರೆಲ್ಲ ನಮ್ಮಲ್ಲಿ ಊಟಕ್ಕೆ ಬರುವವರಿದ್ದರು. ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಕೈಕಾಲು ತೊಳೆಯಲು ಹೋದ ಪುಟ್ಟ ಹುಡುಗನೊಬ್ಬ ಪರದೆ ಸರಿಸಿ, ‘ಅಮ್ಮಾ, ಇವರ ಮನೇಲಿ ಡೈನೋಸಾರ್ ಸ್ನಾನ ಮಾಡ್ತಿದೆ!’ ಎಂದು ಕೂಗಿಕೊಂಡು ಓಡಿಬಂದ. ಆಮೇಲೆ ಬಂದ ವಾಸನೆಗೆ ಧೂಪವೂ ಸೋತಿತು, ಕರ್ಪೂರವೂ ಸೋತಿತು, ಒಬ್ಬಟ್ಟಿನ ತುಪ್ಪವೂ ಸೋತಿತು. ‘ರೀ...’ ಎಂದಳು ಹೆಂಡತಿ. ಅಷ್ಟೇ. ನಮ್ಮ ಮದುವೆಯಾದ ಮೇಲೆ ಅಷ್ಟು ಉದ್ದನೆಯ ‘ರೀ’ ನಾನು ಕೇಳಿರಲಿಲ್ಲ. ಒದ್ದೆ ತೊಗಲನ್ನು ಹೆಗಲ ಮೇಲೆ ಹೊತ್ತು, ರೇಷ್ಮೆ ಪಂಚೆಯಲ್ಲಿ, ನೀರು ಸೋರಿಸುತ್ತ, ಪಂಕ್ತಿಯ ನಡುವೆಯೇ ಹಾದು ಗ್ಯಾರೇಜಿಗೆ ನಡೆದೆ. ಬಂದವರು ಬಹಳ ಒಳ್ಳೆಯವರು. ಯಾರೂ ಏನೂ ಕೇಳಲಿಲ್ಲ, ಎಲೆಯನ್ನೇ ನೋಡುತ್ತಿದ್ದರು.

ಹೊಲಿಗೆಯ ವಿಚಾರ ಹೆಚ್ಚು ಹೇಳುವುದಿಲ್ಲ. ಒದ್ದೆ ತೊಗಲು ಜಾರುತ್ತದೆ, ಹಿಡಿದರೆ ಇನ್ನೂ ಜಾರುತ್ತದೆ. ಹೊಲಿದು ಮುಗಿಸಿದಾಗ ನನ್ನ ಅಳತೆ ಟೇಪು ಒಳಗೇ ಉಳಿದಿತ್ತು ಅಂದರೆ ಸಾಕು. ಅದು ನಿಧಾನವಾಗಿ ಒಣಗಬೇಕು. ಬಾರ್‌ಗಳು ಒಳಗೆ ಎಳೆದುಕೊಳ್ಳದಂತೆ ನಡುವೆ ಕಟ್ಟಿಗೆ ಆಧಾರ ಕೊಟ್ಟಿರಬೇಕು. ಆಧಾರ ನೋಡುವುದಕ್ಕೆ ಚೆನ್ನಾಗಿಲ್ಲ ಅಂತ ತೆಗೆದೆ. ನಿಧಾನ ನನ್ನ ಜಾಯಮಾನವಲ್ಲ ಅಂತ ಹೀಟರ್ ಹಚ್ಚಿದೆ. ನಡುರಾತ್ರಿ ಗ್ಯಾರೇಜಿನಿಂದ ‘ಕಟಕ್’ ಎಂದು ಸದ್ದು. ಕಳ್ಳ ಬಂದ ಅಂತ ನಾನು ಲಟ್ಟಣಿಗೆ ಹಿಡಿದು, ಹೆಂಡತಿ ಫೋನ್ ಹಿಡಿದು, ಮೆಲ್ಲಗೆ ಇಳಿದು ಬಂದು ದೀಪ ಹಾಕಿದರೆ, ನಮ್ಮ ಕಣ್ಣೆದುರೇ ಟ್ರೀ ಇನ್ನೊಂದು ಸಲ ‘ಕಟಕ್’ ಎಂದು ಮಗ್ಗುಲು ತಿರುಗಿಸಿಕೊಂಡಿತು.

ಬೆಳಿಗ್ಗೆ ನೋಡಿದೆ. ತೊಗಲಿಗೆ ಮುಚ್ಚುವುದೇ ಗೊತ್ತಿಲ್ಲ! ಕುಗ್ಗುತ್ತ ಕುಗ್ಗುತ್ತ ಅದು ಒಳಗಿನ ಒಂದೊಂದು ತಗ್ಗು, ಉಬ್ಬು, ಅಂಟಿನ ಗಡ್ಡೆ ಎಲ್ಲವನ್ನೂ ಅಪ್ಪಿ ಹಿಡಿದು ಎದ್ದು ತೋರಿಸಿತ್ತು. ಅಳತೆ ಟೇಪಿನ ಡಬ್ಬಿಯೂ ಸ್ಪಷ್ಟ. ಬಾರ್‌ಗಳು ಒಂದರ ಕಡೆಗೊಂದು ವಾಲಿ ಗುಟ್ಟು ಮಾತಾಡುತ್ತಿದ್ದವು. ಒಂದು ಹೊಲಿಗೆ ಬಿಟ್ಟುಕೊಂಡು ಅಂಚು ಮೇಲೆದ್ದಿತ್ತು. ಮುಟ್ಟಿದೆ, ಅಂಗೈ ಕೊಯ್ದಿತು. 1859ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಮೆಕ್ಲೆಲನ್ ಜೀನಿನಲ್ಲಿ ಮೇಲ್ಚರ್ಮವೇ ಇಲ್ಲದೆ ಬರಿಯ ಹಸಿ ತೊಗಲಿನ ಮೇಲೆಯೇ ಸವಾರ ಕೂರುತ್ತಿದ್ದ; ತೊಗಲು ಸೀಳಿದರೆ ಅವನ ಪಾಡು ಹೇಳತೀರದು ಅಂತ ಮೇಷ್ಟ್ರು ಹೇಳಿದ್ದರು. ಆ ಸಿಪಾಯಿಗಳಿಗೆ ಎಲ್ಲಿ ಉರಿಯುತ್ತಿತ್ತು ಅನ್ನುವುದು ನನಗೆ ಅಂಗೈಯಲ್ಲೇ ಅರ್ಥವಾಯಿತು.

ಅದೇ ಗಳಿಗೆಗೆ ತಿಪಟೂರಿನಿಂದ ಅಮ್ಮನ ವಿಡಿಯೊ ಕರೆ. ಟ್ರೀಯನ್ನು ಬೆನ್ನ ಹಿಂದೆ ಅಡಗಿಸುವಷ್ಟರಲ್ಲಿ ಅಮ್ಮ ನೋಡಿಯಾಗಿತ್ತು. ‘ಅದೇನೋ ಅದು? ತುರೇಮಣೆನಾ?’ ಕೂರುವುದಕ್ಕೆ ಮಣೆ, ಮುಂದೆ ಎದ್ದುನಿಂತ ಗೂಟ. ತೆಂಗಿನ ಸೀಮೆಯವಳ ಕಣ್ಣಿಗೆ ಇನ್ನೇನು ಕಂಡೀತು? ‘ಅಲ್ಲಿ ಅದೂ ಸಿಗಲ್ವಾ? ಪಾಪ, ನೀನೇ ಮಾಡ್ಕೊಂಡ್ಯಾ? ಹಲ್ಲೆಲ್ಲೋ? ಕೂತ್ರೆ ಮಗ್ಗುಲಿಗೆ ಬೀಳ್ತೀಯ, ಜೋಪಾನ. ಮುಂದಿನ ಸಲ ಬರುವಾಗ ಒಳ್ಳೇದೊಂದು ತರ್ತೀನಿ ಬಿಡು’ ಎಂದಳು. ‘ಆಗಲಿ ಅಮ್ಮ’ ಎಂದೆ. ಅದರ ಮೇಲೆ ಕಾಯಿ ತುರಿಯುವುದೂ ಆಗುವುದಿಲ್ಲ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಕಡೆಯ ಪರೀಕ್ಷೆ ಬಿಸ್ಕಿಟ್‌ದು. ಬಾರ್‌ಗಳ ಅಡಿಗೆ ಸೀಮೆಸುಣ್ಣ ಉಜ್ಜಿ, ಬರಿಯ ಟ್ರೀಯನ್ನು ಬೆನ್ನಿನ ಮೇಲಿಟ್ಟು ತೆಗೆದರೆ ಎಲ್ಲೆಲ್ಲಿ ತಾಕುತ್ತದೆ ಎಂದು ತಿಳಿಯುತ್ತದೆ. ಬೆನ್ನಿನ ಎರಡೂ ಕಡೆ ಉದ್ದಕ್ಕೂ ಬಿಳಿ ಪಟ್ಟೆ ಮೂಡಬೇಕು. ಮೇಷ್ಟ್ರು, ಗೆಳತಿ, ಅವಳ ಅಕ್ಕಪಕ್ಕದವರು ಎಲ್ಲ ಸಾಲಾಗಿ ನಿಂತರು. ನಾನು ಟ್ರೀ ಇಟ್ಟೆ. ಅದು ಮುಂದಕ್ಕೆ ವಾಲಿತು, ಹಿಂದಕ್ಕೆ ವಾಲಿತು, ಎಡಕ್ಕೆ ಯೋಚಿಸಿತು, ಬಲಕ್ಕೆ ನಿರ್ಧರಿಸಿತು. ಬಿಸ್ಕಿಟ್ ಕತ್ತು ತಿರುಗಿಸಿ ಟ್ರೀಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಆಮೇಲೆ ಎರಡು ಹೆಜ್ಜೆ ಮುಂದಿಟ್ಟಳು. ಟ್ರೀ ಇದ್ದಲ್ಲೇ ಗಾಳಿಯಲ್ಲಿ ಒಂದು ಕ್ಷಣ ನಿಂತು ನನ್ನ ಕಾಲ ಮೇಲೆ ಬಿತ್ತು. ಬೆನ್ನಿನ ಮೇಲೆ ಮೂಡಿದ್ದು ಒಟ್ಟು ಮೂರು ಚುಕ್ಕಿ. ನನ್ನ ಪ್ಯಾಂಟಿನ ಮೇಲೆ ಮಾತ್ರ ಉದ್ದನೆಯ, ಸಮನಾದ, ನೋಡುವಂಥ ಬಿಳಿ ಪಟ್ಟೆ. ‘ಅಳತೆ ನಿನಗೆ ಸರಿಯಾಗಿದೆ’ ಎಂದರು ಮೇಷ್ಟ್ರು.

ಮನುಷ್ಯರ ಕಣ್ಣಿಗೆ ಏನನ್ನಾದರೂ ಮುಚ್ಚಬಹುದು ಸ್ವಾಮಿ. ತೂತಿಗೆ ಪಟ ಇದೆ, ಸಂದಿಗೆ ಅಂಟು ಇದೆ, ಆಫೀಸಿನಲ್ಲಿ ಪವರ್‌ಪಾಯಿಂಟ್ ಇದೆ. ಆದರೆ ಈ ಕಸುಬಿನಲ್ಲಿ ಪರೀಕ್ಷೆ ಮಾಡುವ ಅಧಿಕಾರಿ ಕೂತು ನೋಡುವುದು ಅಡಿಯಿಂದ. ಅವಳಿಗೆ ಮೇಲಿನ ಹೂಬಳ್ಳಿ ಬೇಕಿಲ್ಲ, ಪ್ರಮಾಣಪತ್ರ ಬೇಕಿಲ್ಲ, ನ್ಯಾಯವಾದ ಎರಡು ಬಾರ್ ಬೇಕು, ಒಂದು ಎಡದ್ದು, ಒಂದು ಬಲದ್ದು.

ಬಿಸ್ಕಿಟ್‌ಗೆ ಟ್ರೀಯನ್ನು ಕೊನೆಗೆ ಮೇಷ್ಟ್ರೇ ಮಾಡಿಕೊಟ್ಟರು. ನನ್ನನ್ನು ಪಕ್ಕಕ್ಕೆ ಕರೆದು, ಮಿಕ್ಕ ಫರ್ ತುಂಡುಗಳ ಚೀಲವೊಂದನ್ನು ಕೈಗಿಟ್ಟರು. ಇಂಡಿಯಾನಾದ ಮ್ಯಾಡಿಸನ್ ಊರಿನಲ್ಲಿ ಬೆನ್ ಶ್ರೋಡರ್ ಎಂಬಾತ 1878ರಲ್ಲಿ ಟ್ರೀ ಕಾರ್ಖಾನೆ ಶುರುಮಾಡಿದ್ದ. ಆ ಮನೆತನ 1972ರವರೆಗೂ ನಡೆಸಿತು, ಈಗ ಅದು ಮ್ಯೂಸಿಯಂ. ಅಮೆರಿಕದ ಮೂಲೆಮೂಲೆಗೆ, ಲ್ಯಾಟಿನ್ ಅಮೆರಿಕಕ್ಕೆ ಅಲ್ಲಿಂದ ಟ್ರೀಗಳು ಹೋಗುತ್ತಿದ್ದವು. ‘ಅಂಥಾ ಕಾರ್ಖಾನೆಯವರೇ ಟ್ರೀ ಜೊತೆಗೆ ಬಟ್ಟೆ ಒಣಹಾಕೋ ಕ್ಲಿಪ್ಪೂ ಮಾಡ್ತಿದ್ದರು. ನೀನು ಆ ಕಡೆಯಿಂದ ಶುರುಮಾಡಬಹುದು’ ಎಂದು ಬೆನ್ನು ತಟ್ಟಿದರು.

ಶುರುಮಾಡಿದ್ದೇನೆ. ಹಿತ್ತಿಲಿನ ತಂತಿಯ ಮೇಲೆ ಈಗ ನನ್ನದೇ ಕೈಯಿಂದಾದ ಕ್ಲಿಪ್ಪುಗಳು ಸಾಲಾಗಿವೆ. ಒಗೆದು ಹಾಕಿದ ಪಂಚೆ, ಟವೆಲ್ಲುಗಳನ್ನು ಪಕ್ಕದ ಮನೆಯವರು ಸಂಜೆ ಹೊತ್ತು ಮಡಚಿ ತಂದುಕೊಡುತ್ತಾರೆ. ಬಹಳ ಒಳ್ಳೆಯ ಜನ, ಈ ನೆಪದಲ್ಲಿ ಸ್ನೇಹವೂ ಬೆಳೆದಿದೆ. ಅದೂ ಅಲ್ಲದೆ, ಇದುವರೆಗೆ ಒಂದು ಕುದುರೆಯಿಂದಲೂ ದೂರು ಬಂದಿಲ್ಲ.